ಮೊದಲ ಉಸಿರಿಗೂ ಮುಂಚೆ

1955ರ ಜುಲೈ ತಿಂಗಳು. ಸ್ಕಾಟ್ಲೆಂಡಿನ ಗ್ಲಾಸ್ಗೋ ಬಳಿಯ ರೆನ್‌ಫ್ರೂ ಎಂಬಲ್ಲಿದ್ದ ಬಾಯ್ಲರ್ ಕಾರ್ಖಾನೆಗೆ ಹೆರಿಗೆ ವೈದ್ಯರೊಬ್ಬರು ಬಂದಿಳಿದರು. ಕಾರಿನ ಡಿಕ್ಕಿಯಲ್ಲಿ ಶಸ್ತ್ರಚಿಕಿತ್ಸೆಯಿಂದ ಹೊರತೆಗೆದ ಗಡ್ಡೆಗಳಿದ್ದವು. ಲೋಹದ ಬೆಸುಗೆಯೊಳಗಿನ ಬಿರುಕನ್ನು ಶ್ರವಣಾತೀತ ಧ್ವನಿಯ ಪ್ರತಿಧ್ವನಿಯಿಂದ ಪತ್ತೆ ಹಚ್ಚುವ ಯಂತ್ರ ಆ ಕಾರ್ಖಾನೆಯಲ್ಲಿತ್ತು. ಅದು ಮಾಂಸದೊಳಗಿನ ವ್ಯತ್ಯಾಸವನ್ನೂ ತೋರಿಸೀತೇ ಎಂಬುದು ವೈದ್ಯರ ಕುತೂಹಲ. ಹೋಲಿಕೆಗೆಂದು ದನದ ಮಾಂಸದ ತುಂಡೊಂದನ್ನೂ ಇಟ್ಟುಕೊಳ್ಳಲಾಗಿತ್ತು. ನೀರು ತುಂಬಿದ ಗಡ್ಡೆ ಒಂದು ಬಗೆಯ ಪ್ರತಿಧ್ವನಿ ಕೊಟ್ಟರೆ, ಗಟ್ಟಿ ಗಡ್ಡೆ ಮತ್ತೊಂದು ಬಗೆಯದನ್ನು ಕೊಟ್ಟಿತು.

ಆ ವೈದ್ಯರೇ ಇಯಾನ್ ಡೊನಾಲ್ಡ್. ಎರಡನೆಯ ಮಹಾಯುದ್ಧದಲ್ಲಿ ಬ್ರಿಟಿಷ್ ವಾಯುಪಡೆಯಲ್ಲಿದ್ದ ಅವರಿಗೆ ರಾಡಾರ್ ತಂತ್ರದ ಪರಿಚಯವಿತ್ತು. ಗ್ಲಾಸ್ಗೋಗೆ ಬರುವ ಮುನ್ನ ಲಂಡನ್ನಿನಲ್ಲಿ, ಹುಟ್ಟಿದೊಡನೆ ಉಸಿರಾಡಲಾರದ ಶಿಶುಗಳಿಗಾಗಿ ಅವರು ಕೃತಕ ಉಸಿರಾಟದ ಯಂತ್ರ ರೂಪಿಸಿದ್ದರೆಂಬುದು ಗಮನಾರ್ಹ. ಎಂಜಿನಿಯರ್ ಟಾಮ್ ಬ್ರೌನ್ ಮತ್ತು ವೈದ್ಯ ಜಾನ್ ಮ್ಯಾಕ್‌ವಿಕಾರ್ ಜೊತೆ ಅವರು 1958ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಪ್ರಕಟಿಸಿದ ಲೇಖನದಿಂದ ವೈದ್ಯಕೀಯಕ್ಕೆ ಹೊಸ ಕಿಟಕಿಯೊಂದು ತೆರೆಯಿತು. ಗರ್ಭಿಣಿಯರಿಗೆ ತೆಗೆಯುವ ಎಕ್ಸ್-ರೇಯಿಂದ ಮುಂದೆ ಮಗುವಿಗೆ ಕ್ಯಾನ್ಸರ್ ತಗಲುವ ಅಪಾಯ ಹೆಚ್ಚುತ್ತದೆಂದು ಆಲಿಸ್ ಸ್ಟೀವರ್ಟ್ ಎಚ್ಚರಿಸಿದ್ದೂ ಅದೇ ದಶಕದಲ್ಲಿ.

ನವಜಾತ ಶಿಶುವಿನ ಉಸಿರಾಟಕ್ಕೂ ಈ ಚಿತ್ರಕ್ಕೂ ಏನು ಸಂಬಂಧ? ಶಿಶುವಿನ ಪುಪ್ಪುಸದ ಗಾಳಿಚೀಲಗಳು ಅಂಟಿಕೊಳ್ಳದಂತೆ ಕಾಯುವ ಜಿಡ್ಡಿನಂಥ ದ್ರವವೊಂದಿದೆ. ಅವಧಿಗೆ ಮುನ್ನ ಹುಟ್ಟಿದ ಮಗುವಿನಲ್ಲಿ ಅದರ ಕೊರತೆ ಇರುತ್ತದೆಂದು 1959ರಲ್ಲಿ ಅಮೆರಿಕದ ಮೇರಿ ಎಲೆನ್ ಏವರಿ ತೋರಿಸಿಕೊಟ್ಟರು. 1963ರ ಆಗಸ್ಟ್‌ನಲ್ಲಿ ಅಮೆರಿಕದ ಅಧ್ಯಕ್ಷ ಕೆನೆಡಿಯವರ ಮಗ ಪ್ಯಾಟ್ರಿಕ್ ಐದಾರು ವಾರ ಮೊದಲೇ ಹುಟ್ಟಿ, ಇದೇ ಕಾಯಿಲೆಯಿಂದ ಎರಡೇ ದಿನದಲ್ಲಿ ತೀರಿಕೊಂಡ. ಅಧ್ಯಕ್ಷರ ಮನೆಯ ಮಗುವಿಗೂ ಆಗ ಮದ್ದಿರಲಿಲ್ಲ.

1972ರಲ್ಲಿ ನ್ಯೂಜಿಲೆಂಡಿನ ಲಿಗಿನ್ಸ್ ಮತ್ತು ಹೋವಿ ದಾರಿಯೊಂದನ್ನು ತೋರಿಸಿದರು: ಹೆರಿಗೆಗೆ ಮುನ್ನ ತಾಯಿಗೆ ಸ್ಟೀರಾಯ್ಡ್ ಚುಚ್ಚುಮದ್ದು ಕೊಟ್ಟರೆ ಮಗುವಿನ ಪುಪ್ಪುಸ ಬೇಗ ಬಲಿಯುತ್ತದೆ. ಆದರೆ ಮಗುವಿಗೆ ಎಷ್ಟು ವಾರ ತುಂಬಿದೆಯೆಂದು ತಿಳಿಯದೆ ಯಾರಿಗೆ ಕೊಡುವುದು? ತಾಯಿಯ ನೆನಪಿನ ಲೆಕ್ಕ ಎಷ್ಟೋ ಬಾರಿ ತಪ್ಪುತ್ತಿತ್ತು. ಮರುವರ್ಷವೇ ಗ್ಲಾಸ್ಗೋದಲ್ಲಿ ಹ್ಯೂ ರಾಬಿನ್ಸನ್, ಭ್ರೂಣದ ನೆತ್ತಿಯಿಂದ ಪೃಷ್ಠದವರೆಗಿನ ಉದ್ದವನ್ನು ಅಲ್ಟ್ರಾಸೌಂಡ್‌ನಲ್ಲಿ ಅಳೆದು ದಿನ ತುಂಬಿದ ಲೆಕ್ಕ ಹೇಳುವ ಕ್ರಮ ಪ್ರಕಟಿಸಿದರು.

ಹೃದಯದ ಸರದಿ ಬಂದದ್ದು ಅನಂತರ. ಚಲಿಸುವ ಚಿತ್ರ ತೋರಿಸುವ ಯಂತ್ರಗಳು ಬಂದ ಮೇಲೆ, 1980ರ ಹೊತ್ತಿಗೆ ಲಂಡನ್ನಿನ ಲಿಂಡ್ಸೆ ಆ್ಯಲನ್ ಮೊದಲಾದವರು ಗರ್ಭಸ್ಥ ಹೃದಯದ ನಾಲ್ಕು ಕೋಣೆಗಳನ್ನು ಕ್ರಮವಾಗಿ ಪರೀಕ್ಷಿಸತೊಡಗಿದರು. ಮಹಾರಕ್ತನಾಳಗಳೆರಡು ಅದಲುಬದಲಾಗಿರುವ ಮಗು ಗರ್ಭದಲ್ಲಿ ಸುಖವಾಗಿಯೇ ಇರುತ್ತದೆ. ಅದಕ್ಕೆ ಪ್ರಾಣವಾಯು ಬರುವುದು ಮಾಸಿನಿಂದ. ಹುಟ್ಟಿದ ಮೇಲೆ, ಎರಡು ನಾಳಗಳನ್ನು ಜೋಡಿಸಿದ್ದ ಪುಟ್ಟ ಕಾಲುವೆ ಮುಚ್ಚತೊಡಗಿದಾಗ ಮಗು ನೀಲಿಗಟ್ಟುತ್ತದೆ. ಮೊದಲೇ ತಿಳಿದಿದ್ದರೆ ಆ ಕಾಲುವೆಯನ್ನು ತೆರೆದಿಡುವ ಔಷಧಿಯನ್ನೂ ವೈದ್ಯರನ್ನೂ ಸಿದ್ಧವಾಗಿಟ್ಟುಕೊಂಡು ಹೆರಿಗೆ ಮಾಡಿಸಬಹುದು.

ಹಾಗೆಂದು ಯಂತ್ರ ಸರ್ವಜ್ಞನಲ್ಲ. ಹೃದಯದ ಸಣ್ಣ ರಂಧ್ರಗಳು ಅದರ ಕಣ್ಣು ತಪ್ಪಿಸುತ್ತವೆ. ಆ ಕಾಲುವೆ ಗರ್ಭದಲ್ಲಿ ಎಲ್ಲ ಶಿಶುಗಳಿಗೂ ತೆರೆದೇ ಇರುವುದರಿಂದ, ಹುಟ್ಟಿದ ಮೇಲೆ ಯಾರಲ್ಲಿ ಮುಚ್ಚದೆ ಉಳಿದೀತೆಂದು ಹೇಳಲಾಗದು. ಎಲ್ಲಕ್ಕಿಂತ ಮುಖ್ಯವಾಗಿ, ಸ್ಕ್ಯಾನಿಂಗ್ ರೋಗವನ್ನು ವಾಸಿ ಮಾಡುವುದಿಲ್ಲ. ಕೆಲವು ವಾರಗಳ ಬಿಡುವು ಕೊಡುತ್ತದೆ. ಆ ವಾರಗಳೊಳಗೆ ತಾಯಿ ತಕ್ಕ ಆಸ್ಪತ್ರೆಯನ್ನು ತಲುಪಲಾರದೆ ಹೋದರೆ, ಮುಂಚೆಯೇ ಸಿಕ್ಕ ಚಿತ್ರದಿಂದ ಮಗುವಿಗೆ ಏನೂ ದಕ್ಕುವುದಿಲ್ಲ.