ಡೊಮೇನ್ ಹೆಸರು: ಸಣ್ಣ ವ್ಯಾಪಾರದ ದೃಷ್ಟಿಯಿಂದ ಒಂದು ಇತಿಹಾಸ

ಡೊಮೇನ್ ಹೆಸರು ಎಂದರೆ ಅಂತರಜಾಲದಲ್ಲಿ ಒಂದು ಜಾಲತಾಣವನ್ನು ಇಲ್ಲವೇ ಇಮೇಲ್ ವಿಳಾಸವನ್ನು ಗುರುತಿಸಲು ನೋಂದಾಯಿಸಿಕೊಳ್ಳುವ ಹೆಸರು. ಜಾಲತಾಣದ ಪುಟಗಳು ಸರ್ವರ್ ಎಂಬ ಸದಾ ಚಾಲೂ ಇರುವ ಗಣಕದಲ್ಲಿದ್ದು, ಆ ಗಣಕಕ್ಕೆ ಐಪಿ ವಿಳಾಸವೆಂಬ ಅಂಕಿಗಳ ಗುರುತು ಇರುತ್ತದೆ. ಹೆಸರನ್ನು ಅಂಕಿಗೆ ಹೊಂದಿಸಿಕೊಡುವ ವ್ಯವಸ್ಥೆಯೇ ಡಿಎನ್‌ಎಸ್. ಹೆಸರಿನ ನೋಂದಣಿ, ಪುಟಗಳಿಗೆ ಜಾಗ ಕೊಡುವ ಹೋಸ್ಟಿಂಗ್, ಪುಟಗಳ ವಿನ್ಯಾಸ ಇವು ಮೂರು ಬೇರೆ ಬೇರೆ ಸೇವೆಗಳಾದರೂ ಒಂದೇ ಬಿಲ್ಲಿನಲ್ಲಿ ಮಾರಾಟವಾಗುವುದು ಸಾಮಾನ್ಯವಾದ್ದರಿಂದ, ವ್ಯಾಪಾರಿಗಳು ಇವನ್ನು ಒಂದೆಂದೇ ತಿಳಿಯುವುದುಂಟು.

ಅಂತರಜಾಲಕ್ಕೆ ಮೊದಲಿದ್ದ ಅಮೆರಿಕದ ಅರ್ಪಾನೆಟ್‌ನಲ್ಲಿ ಎಲ್ಲ ಗಣಕಗಳ ಹೆಸರನ್ನೂ ಒಂದೇ ಕಡತದಲ್ಲಿ ಬರೆದಿಡಲಾಗುತ್ತಿತ್ತು. ಕ್ಯಾಲಿಫೋರ್ನಿಯದ ಎಸ್‌ಆರ್‌ಐ ಸಂಸ್ಥೆಯಲ್ಲಿ ಎಲಿಜಬೆತ್ ಫೈನ್ಲರ್ ಅವರ ತಂಡ ಅದನ್ನು ನೋಡಿಕೊಳ್ಳುತ್ತಿತ್ತು. ಗಣಕಗಳು ಹೆಚ್ಚಿದಂತೆ ಆ ಕಡತ ನಿಭಾಯಿಸಲಾಗದಷ್ಟು ಬೆಳೆದದ್ದರಿಂದ, 1983ರಲ್ಲಿ ಗಣಕ ವಿಜ್ಞಾನಿ ಪಾಲ್ ಮೊಕಪೆಟ್ರಿಸ್ ಹೆಸರುಗಳನ್ನು ಚುಕ್ಕಿಗಳಿಂದ ಹಂತಹಂತವಾಗಿ ವಿಂಗಡಿಸಿ, ಒಂದೊಂದು ಹಂತದ ಹೊಣೆಯನ್ನು ಒಬ್ಬೊಬ್ಬರಿಗೆ ಹಂಚುವ ಡಿಎನ್‌ಎಸ್ ಅನ್ನು ರೂಪಿಸಿದರು. ವಾಣಿಜ್ಯ ಸಂಸ್ಥೆಗಳಿಗೆಂದು ಮೀಸಲಾದ 'ಡಾಟ್ ಕಾಮ್' 1985ರಲ್ಲಿ ಬಂದಿತು. ಅದರಲ್ಲಿ ಆ ವರ್ಷದ ಮಾರ್ಚ್ 15ರಂದು ನೋಂದಣಿಯಾದ ಮೊದಲ ಹೆಸರು ಸಿಂಬಾಲಿಕ್ಸ್ ಎಂಬ ಗಣಕ ಕಂಪನಿಯದು.

ಹತ್ತು ವರ್ಷಗಳ ಕಾಲ ಹೆಸರುಗಳು ಪುಕ್ಕಟೆಯಾಗಿ ಸಿಗುತ್ತಿದ್ದವು. 1995ರಲ್ಲಿ ನೋಂದಣಿಯ ಹೊಣೆ ಹೊತ್ತಿದ್ದ ನೆಟ್‌ವರ್ಕ್ ಸಲ್ಯೂಷನ್ಸ್ ಎರಡು ವರ್ಷಕ್ಕೆ 100 ಡಾಲರ್ ಶುಲ್ಕ ವಿಧಿಸಿತು. 1998ರಲ್ಲಿ ಡೊಮೇನ್ ಹೆಸರುಗಳ ವ್ಯವಸ್ಥೆಯನ್ನು ನೋಡಿಕೊಳ್ಳುವ ಐಕಾನ್ ಸಂಸ್ಥೆ ಹುಟ್ಟಿ, ಮರುವರ್ಷ ರಿಜಿಸ್ಟ್ರಾರ್‌ಗಳೆಂಬ ನೋಂದಣಿ ಕಂಪನಿಗಳಿಗೆ ಪೈಪೋಟಿ ಮಾಡಲು ಅವಕಾಶ ದೊರೆತ ಮೇಲೆ ದರ ಇಳಿಯಿತಾದರೂ, ಶುಲ್ಕ ಕಟ್ಟಿದಷ್ಟು ಅವಧಿಗೆ ಮಾತ್ರ, ಅದೂ ನೋಂದಣಿಯಲ್ಲಿ ಹೆಸರಿರುವವರಿಗೆ ಹಕ್ಕು ಎಂಬ ಮೂಲ ನಿಯಮ ಹಾಗೆಯೇ ಉಳಿಯಿತು. ಸಣ್ಣ ವ್ಯಾಪಾರಕ್ಕೆ ಈ ಇತಿಹಾಸದಲ್ಲಿ ಎಲ್ಲಕ್ಕಿಂತ ಮುಖ್ಯವಾದದ್ದು ಇದೇ: ವಿನ್ಯಾಸಗಾರ ತನ್ನ ಹೆಸರಿನಲ್ಲೇ ಡೊಮೇನ್ ನೋಂದಾಯಿಸಿದ್ದರೆ, ಹಣ ಕೊಟ್ಟವರು ಅಂಗಡಿಯವರೇ ಆಗಿದ್ದರೂ ದಾಖಲೆಯ ಪ್ರಕಾರ ಅದು ಅವರದ್ದಲ್ಲ. ಹೋಸ್ಟಿಂಗ್ ಅಗ್ಗವಾದದ್ದಕ್ಕೆ ಬೇರೆಯೇ ಕಾರಣವಿದೆ. ಬ್ರೌಸರ್ ತಾನು ಕೇಳುತ್ತಿರುವ ತಾಣದ ಹೆಸರನ್ನು ಸರ್ವರ್‌ಗೆ ತಿಳಿಸಲೇಬೇಕೆಂಬ ನಿಯಮ ಬ್ರೌಸರ್ ಮತ್ತು ಸರ್ವರ್ ಸಂವಹನದ ಕ್ರಮವಾದ ಎಚ್‌ಟಿಟಿಪಿಯ 1997ರ ಹೊಸ ಆವೃತ್ತಿಯಲ್ಲಿ ಸೇರಿದ್ದರಿಂದ, ನೂರಾರು ತಾಣಗಳು ಒಂದೇ ಐಪಿ ವಿಳಾಸವನ್ನು ಹಂಚಿಕೊಂಡು ಖರ್ಚನ್ನೂ ಹಂಚಿಕೊಳ್ಳುವಂತಾಯಿತು.

ಭಾರತದ 'ಡಾಟ್ ಇನ್' 1989ರಷ್ಟು ಹಳೆಯದಾದರೂ ಬಿಗಿ ನಿಯಮಗಳಿಂದಾಗಿ ಬಹುಕಾಲ ಬೆಳೆಯಲಿಲ್ಲ. 2003ರಲ್ಲಿ ಸ್ಥಾಪನೆಯಾಗಿ 'ಡಾಟ್ ಇನ್' ಹೊಣೆ ವಹಿಸಿಕೊಂಡ ನಿಕ್ಸಿ ಸಂಸ್ಥೆ 2005ರಲ್ಲಿ ನಿಯಮ ಸಡಿಲಿಸಿ, ರಿಜಿಸ್ಟ್ರಾರ್‌ಗಳ ಮೂಲಕ ಯಾರು ಬೇಕಾದರೂ ಪಡೆಯುವಂತೆ ಮಾಡಿತು.

ಇದಕ್ಕೆ ಸ್ವಲ್ಪ ಮೊದಲು ಬೆಂಗಳೂರಿನ ನ್ಯಾಯಾಲಯದಲ್ಲಿ ಆರಂಭವಾದ ಒಂದು ವ್ಯಾಜ್ಯ ಡೊಮೇನ್ ಹೆಸರುಗಳ ಬಗೆಗಿನ ದೇಶದ ಕಾನೂನನ್ನೇ ನಿರ್ಧರಿಸಿತು. 'ಸಿಫಿ' ಎಂಬ ಹೆಸರನ್ನು 1999ರಿಂದ ಬಳಸುತ್ತಿದ್ದ ಸತ್ಯಂ ಇನ್ಫೋವೇ ಎಂಬ ಕಂಪನಿ, 'ಸಿಫ್ಫಿನೆಟ್' ಎಂಬ ಡೊಮೇನ್‌ಗಳನ್ನು ಬಳಸುತ್ತಿದ್ದ ಕಂಪನಿಯ ವಿರುದ್ಧ ದಾವೆ ಹೂಡಿತು. ತಮ್ಮ ಹೆಸರಿನ 'ಸಿಫ್ಫಿ' ಎಂಬ ಭಾಗ ಐವರು ಪ್ರವರ್ತಕರ ಹೆಸರುಗಳ ಮೊದಲಕ್ಷರಗಳಿಂದ ಬಂದದ್ದೆಂದು ಪ್ರತಿವಾದಿಗಳು ವಾದಿಸಿದರು. ಸಿವಿಲ್ ನ್ಯಾಯಾಲಯ ಕೊಟ್ಟ ತಡೆಯಾಜ್ಞೆಯನ್ನು ಕರ್ನಾಟಕ ಹೈಕೋರ್ಟ್ ತೆರವುಗೊಳಿಸಿತು. ಸುಪ್ರೀಂ ಕೋರ್ಟ್ ಮಾತ್ರ 2004ರ ಮೇ ತಿಂಗಳಲ್ಲಿ, ಡೊಮೇನ್ ಹೆಸರು ಬರಿಯ ವಿಳಾಸವಲ್ಲ, ವ್ಯಾಪಾರದ ಗುರುತೂ ಹೌದು, ಆದ್ದರಿಂದ ಒಬ್ಬರ ಸರಕನ್ನು ಇನ್ನೊಬ್ಬರದೆಂದು ಭ್ರಮೆ ಹುಟ್ಟಿಸಿ ಮಾರುವುದನ್ನು ತಡೆಯುವ ಕಾನೂನು ಅದಕ್ಕೂ ಅನ್ವಯಿಸುತ್ತದೆ ಎಂದು ತೀರ್ಪಿತ್ತು ತಡೆಯಾಜ್ಞೆಯನ್ನು ಮತ್ತೆ ಜಾರಿಗೊಳಿಸಿತು. ಮೊದಲು ಬಂದವರಿಗೆ ಹೆಸರು ಕೊಡುವ ರಿಜಿಸ್ಟ್ರಾರ್, ಅದು ಬೇರೊಬ್ಬರ ಟ್ರೇಡ್‌ಮಾರ್ಕೇ ಎಂದು ಪರಿಶೀಲಿಸುವುದಿಲ್ಲ. ನೋಂದಣಿಯಾದ ಮಾತ್ರಕ್ಕೆ ಹೆಸರು ಸುರಕ್ಷಿತವಲ್ಲ ಎಂಬುದು ಈ ತೀರ್ಪಿನಿಂದ ಸ್ಪಷ್ಟವಾಯಿತು.

ಡಿಎನ್‌ಎಸ್ ಲ್ಯಾಟಿನ್ ಅಕ್ಷರಗಳಿಗೆಂದು ರೂಪುಗೊಂಡಿದ್ದರಿಂದ ಬೇರೆ ಲಿಪಿಯ ಹೆಸರುಗಳಿಗೆ ಪ್ಯುನಿಕೋಡ್ ಎಂಬ ಪರಿವರ್ತನಾ ವಿಧಾನ 2003ರಲ್ಲಿ ಬಂದಿತು: ಬಳಸುವವರು ಕನ್ನಡದಲ್ಲಿ ಬರೆದರೂ ಒಳಗೆ ಹೋಗುವುದು ಲ್ಯಾಟಿನ್ ಅಕ್ಷರ ಮತ್ತು ಅಂಕಿಗಳ ಸಾಲು. ದೇವನಾಗರಿಯ 'ಡಾಟ್ ಭಾರತ್' 2014ರಲ್ಲಿ ಆರಂಭವಾಯಿತು. ಮಂಜೂರಾದ ಮೊದಲ ಏಳು ಲಿಪಿಗಳ ಪಟ್ಟಿಯಲ್ಲಿ ಇರದಿದ್ದ ಕನ್ನಡದ '.ಭಾರತ' ಆಮೇಲೆ ಸೇರಿತು. ಇಷ್ಟಾದರೂ ಕನ್ನಡ ಲಿಪಿಯ ಇಮೇಲ್ ವಿಳಾಸವನ್ನು ತಪ್ಪೆಂದು ತಿರಸ್ಕರಿಸುವ ಆನ್‌ಲೈನ್ ಅರ್ಜಿಗಳು ಇನ್ನೂ ಇರುವುದರಿಂದ, ಕನ್ನಡದ ಡೊಮೇನ್ ಪಡೆದ ವ್ಯಾಪಾರಿ ಲ್ಯಾಟಿನ್ ಲಿಪಿಯ ಇನ್ನೊಂದು ಹೆಸರಿಗೂ ಶುಲ್ಕ ಕಟ್ಟುತ್ತಿರಬೇಕಾಗುತ್ತದೆ.