ರಾಮ್‌ಫರ್ಡ್ ಸಂತೆಯ ಗುತ್ತಿಗೆ

ಸಂಘದ ವಾರ್ಷಿಕ ಸಭೆಯಲ್ಲಿ ಜಮಾ-ಖರ್ಚು ಓದುವಾಗ ‘ಟ್ರಸ್ಟಿಗಳು’ ಎಂಬ ಮಾತನ್ನು ನಾವೆಲ್ಲರೂ ಕೇಳಿದ್ದೇವೆ. ಊಟದ ಹೊತ್ತಾಯಿತೆಂದು ಗಡಿಯಾರ ನೋಡಿಕೊಂಡದ್ದೂ ಉಂಟು. ಆದರೆ ಊರಿನ ಗದ್ದೆ-ಮನೆಗಳನ್ನು ಅಣ್ಣನಿಗೋ ಚಿಕ್ಕಪ್ಪನಿಗೋ ಒಪ್ಪಿಸಿ ರೈಲು ಹತ್ತಿದ ನಮ್ಮಂಥವರಿಗೆ, ಇನ್ನೊಬ್ಬರ ಆಸ್ತಿಯನ್ನು ನಂಬಿಕೆಯ ಮೇಲೆ ಕಾಯುವುದೆಂದರೇನು ಎಂಬುದು ಮನೆಯದೇ ಪ್ರಶ್ನೆ. ಈ ನಂಬಿಕೆಗೆ ಇಂಗ್ಲೆಂಡಿನ ಚಾನ್ಸರಿ ನ್ಯಾಯಾಲಯವು ಕಾವಲು ಹಾಕಿದ ಕಥೆ ಸ್ವಾರಸ್ಯವಾಗಿದೆ.

ಅಲ್ಲಿನ ಸಾಮಾನ್ಯ ನ್ಯಾಯಾಲಯಗಳಲ್ಲಿ ನಿಯಮವೇ ದೇವರು. ದಾವೆಯ ನಮೂನೆ ತಪ್ಪಿದರೆ ದಾವೆಯೇ ಹೋಯಿತು. ಸೋತವರು ದೊರೆಗೆ ಅರ್ಜಿ ಹಾಕುತ್ತಿದ್ದರು. ದೊರೆ ಅದನ್ನು ತನ್ನ ಚಾನ್ಸಲರನಿಗೆ ದಾಟಿಸುತ್ತಿದ್ದ. ಆತ ನೋಡುತ್ತಿದ್ದುದು ಪ್ರತಿವಾದಿಯ ಅಂತಃಸಾಕ್ಷಿಯನ್ನು. ಚಾನ್ಸಲರನ ಪಾದದಳತೆಯಂತೆ ನ್ಯಾಯದ ಅಳತೆಯೂ ಬದಲಾಗುತ್ತದೆ ಎಂದು ಹದಿನೇಳನೆಯ ಶತಮಾನದ ಪಂಡಿತ ಜಾನ್ ಸೆಲ್ಡನ್ ಅಣಕವಾಡಿದ. ೧೬೧೫ರ ಆಕ್ಸ್‌ಫರ್ಡ್ ಅರ್ಲನ ಮೊಕದ್ದಮೆಯಲ್ಲಿ ಚಾನ್ಸಲರ್ ಎಲ್ಸ್‌ಮಿಯರ್‌ಗೂ ಮುಖ್ಯ ನ್ಯಾಯಾಧೀಶ ಎಡ್ವರ್ಡ್ ಕೋಕ್‌ಗೂ ಜಟಾಪಟಿಯಾಗಿ, ಮರುವರ್ಷ ದೊರೆ ಒಂದನೆಯ ಜೇಮ್ಸ್ ಚಾನ್ಸರಿಯ ಮಾತೇ ಮೇಲೆಂದ. ಹಾಗೆಂದು ಸಲಹೆಯಿತ್ತವನು ಫ್ರಾನ್ಸಿಸ್ ಬೇಕನ್. ಮುಂದೆ ತಾನೇ ಚಾನ್ಸಲರನಾದ ಈ ಮಹಾಶಯ ೧೬೨೧ರಲ್ಲಿ ಲಂಚದ ಆರೋಪವನ್ನು ಒಪ್ಪಿಕೊಂಡು ಪದವಿ ಕಳೆದುಕೊಂಡ!

ಅಂತಃಸಾಕ್ಷಿಯ ಪೀಠಕ್ಕೆ ಇದೇ ಕೊನೆಯ ಕಳಂಕವಾಗಲಿಲ್ಲ. ಚಾನ್ಸಲರ್ ಮ್ಯಾಕ್ಲ್ಸ್‌ಫೀಲ್ಡ್ ನ್ಯಾಯಾಲಯದ ‘ಮಾಸ್ಟರ್’ ಹುದ್ದೆಗಳನ್ನು ಹಣಕ್ಕೆ ಮಾರಿದ. ಕೊಂಡವರು ಕಕ್ಷಿದಾರರ ಠೇವಣಿಯಲ್ಲೇ ಕೈಯಾಡಿಸಿದರು. ೧೭೨೦ರ ‘ಸೌತ್ ಸೀ’ ಶೇರುಗಳ ಕುಸಿತದಲ್ಲಿ ಆ ಹಣದಲ್ಲಿ ಒಂದು ಪಾಲು ಮುಳುಗಿತು. ೧೭೨೫ರಲ್ಲಿ ಆತನಿಗೆ ೩೦,೦೦೦ ಪೌಂಡು ದಂಡ ಬಿತ್ತು. ಅವನ ಜಾಗಕ್ಕೆ ಬಂದವನು ಲಾರ್ಡ್ ಕಿಂಗ್. ಮರುವರ್ಷವೇ ಅವನ ಮುಂದೆ ಕೀಚ್-ಸ್ಯಾಂಡ್‌ಫರ್ಡ್ ವ್ಯಾಜ್ಯ ಬಂತು.

ರಾಮ್‌ಫರ್ಡ್ ಎಂಬ ಊರಿನ ಸಂತೆಯ ವರಮಾನದ ಗುತ್ತಿಗೆ ಒಬ್ಬ ಮೈನರ್ ಹುಡುಗನದಾಗಿತ್ತು, ನೋಡಿಕೊಳ್ಳುತ್ತಿದ್ದವನು ಟ್ರಸ್ಟಿ. ಅವಧಿ ತೀರುವ ಮುನ್ನ ಆತ ಹುಡುಗನ ಪರವಾಗಿ ನವೀಕರಣ ಕೇಳಿದ. ಒಡೆಯ ಒಲ್ಲೆನೆಂದ. ಸಂತೆಯ ವರಮಾನವೆಂದರೆ ಜಪ್ತಿ ಮಾಡಲು ಜಮೀನಿಲ್ಲ, ಇರುವುದು ಕರಾರಿನ ಮಾತೊಂದೇ. ಮೈನರನ ಮಾತು ಕಾನೂನಿನಲ್ಲಿ ನಿಲ್ಲದು. ಆಗ ಟ್ರಸ್ಟಿ ತನ್ನ ಹೆಸರಿಗೇ ಗುತ್ತಿಗೆ ಬರೆಸಿಕೊಂಡ. ಹುಡುಗನಿಗೆ ನಷ್ಟವೇನು? ಹೇಗೂ ಅವನಿಗೆ ಸಿಗುತ್ತಿರಲಿಲ್ಲ. ವಂಚನೆಯೂ ಕಾಣದು. ನಮ್ಮ ಪಂಚಾಯಿತಿಕಟ್ಟೆಯಲ್ಲಾದರೆ ಬಹುಶಃ ಬಿಟ್ಟೇಬಿಡುತ್ತಿದ್ದರು.

ಲಾರ್ಡ್ ಕಿಂಗ್ ಬಿಡಲಿಲ್ಲ. ಲೋಕದಲ್ಲಿ ಯಾರು ಬೇಕಾದರೂ ಆ ಗುತ್ತಿಗೆ ಹಿಡಿಯಬಹುದು, ಟ್ರಸ್ಟಿಯೊಬ್ಬನು ಮಾತ್ರ ಕೂಡದು. ಅದು ಕೈಬಿಟ್ಟುಹೋದರೂ ಚಿಂತೆಯಿಲ್ಲ ಎಂದ. ಒಡೆಯ ನಿರಾಕರಿಸಿದರೆ ಲಾಭ ತನಗೇ ಎಂದಾದಮೇಲೆ ಯಾವ ಟ್ರಸ್ಟಿ ಮನಸ್ಸಿಟ್ಟು ನವೀಕರಣ ಕೇಳಿಯಾನು? ಗುತ್ತಿಗೆಯೂ ಬಂದ ಲಾಭವೂ ಹುಡುಗನ ಪಾಲಾದವು. ಕಠಿಣವೆನ್ನಿಸಬಹುದು. ಆದರೆ ಮನಸ್ಸಿನೊಳಗಿನ ಆಸೆಗೆ ಸಾಕ್ಷಿ ತರುವುದು ಹೇಗೆ? ಕಿಂಗನ ನಿರ್ಣಯವೇ ಸರಿಯೆಂದು ನಮಗೆ ತೋರುತ್ತದೆ.

ಇಷ್ಟಾದರೂ ಚಾನ್ಸರಿ ಎಂದರೆ ಜನ ಹೆದರುತ್ತಿದ್ದರು. ೧೭೯೮ರಲ್ಲಿ ಸತ್ತ ವಿಲಿಯಂ ಜೆನೆನ್ಸ್ ಎಂಬ ಕುಬೇರನ ಆಸ್ತಿಯ ವ್ಯಾಜ್ಯಗಳು ನೂರು ವರ್ಷ ದಾಟಿ ನಡೆದವು. ಡಿಕನ್ಸ್ ಈ ವಿಳಂಬವನ್ನೇ ‘ಬ್ಲೀಕ್ ಹೌಸ್’ ಕಾದಂಬರಿಯಲ್ಲಿ ಹಿಡಿದು ಜಾಡಿಸಿದ. ೧೮೭೫ರಲ್ಲಿ ಚಾನ್ಸರಿ ಪ್ರತ್ಯೇಕ ನ್ಯಾಯಾಲಯವಾಗಿ ಉಳಿಯದೆ ಹೈಕೋರ್ಟಿನ ಒಂದು ವಿಭಾಗವಾಯಿತು.

ರಾಮ್‌ಫರ್ಡಿನ ತತ್ತ್ವ ಮಾತ್ರ ಉಳಿದಿದೆ. ಮಾಂಟೆ ಕಾರ್ಲೋದ ಹೋಟೆಲೊಂದನ್ನು ಕೊಳ್ಳುವವರ ಏಜೆಂಟರು ಮಾರುವವರಿಂದ ಒಂದು ಕೋಟಿ ಯೂರೋ ಗುಟ್ಟಾಗಿ ಪಡೆದಿದ್ದರು. ಆ ಹಣ ಕೊಂಡವರಿಗೇ ಸೇರಿದ್ದೆಂದು ೨೦೧೪ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟು ತೀರ್ಪಿತ್ತಿತು. ನಿಯಮವನ್ನು ಸಡಿಲಿಸಿರೆಂಬ ವಾದ ಮತ್ತೆ ಎದ್ದಾಗ, ೨೦೨೫ರ ಮಾರ್ಚಿಯಲ್ಲಿ ಅದನ್ನೂ ತಳ್ಳಿಹಾಕಿತು.

ನಮ್ಮಲ್ಲಿಯೂ ಇದು ಬಂದಿದೆ. ೧೮೮೨ರ ಭಾರತೀಯ ಟ್ರಸ್ಟ್ ಕಾಯ್ದೆಯ ೮೮ನೆಯ ಕಲಮು, ನಂಬಿಕೆಯ ಸ್ಥಾನವನ್ನು ಬಳಸಿ ಗಳಿಸಿದ್ದು ನಂಬಿದವರಿಗೇ ಸೇರತಕ್ಕದ್ದೆನ್ನುತ್ತದೆ. ಅದರಲ್ಲಿ ಟ್ರಸ್ಟಿ, ಪಾಲುದಾರ, ಏಜೆಂಟ್, ಕಂಪನಿಯ ಡೈರೆಕ್ಟರ್ ಎಲ್ಲರ ಹೆಸರೂ ಇದೆ. ಕಾನೂನು ಸಲಹೆಗಾರರನ್ನೂ ಬಿಟ್ಟಿಲ್ಲ.