ಕ್ರಿಸ್‌ಮಸ್ ಎಂಬ ಹುಡುಗ

ರೋಗಗಳಿಗೆ ಹೆಸರಿಡುವಾಗ ವೈದ್ಯಲೋಕ ಬಹುಮಟ್ಟಿಗೆ ತನ್ನವರನ್ನೇ ನೆನೆಯುತ್ತದೆ. ಪಾರ್ಕಿನ್ಸನ್, ಹ್ಯಾನ್ಸನ್, ಆಲ್‌ಝೈಮರ್ ಇವರೆಲ್ಲರೂ ರೋಗವನ್ನು ಕಂಡವರು, ಉಂಡವರಲ್ಲ. ಉಂಡವನ ಹೆಸರೇ ರೋಗಕ್ಕೆ ನಿಂತ ನಿದರ್ಶನಗಳು ಬಲು ವಿರಳ. ಅಂಥದೊಂದು ವಿರಳ ಕಥೆಯನ್ನು ಇಂದು ತಮ್ಮ ಮುಂದಿಡಬಯಸುತ್ತೇನೆ.

ಗಾಯವಾದಾಗ ರಕ್ತ ಹರಿಯುವುದೂ, ಕೆಲವೇ ನಿಮಿಷಗಳಲ್ಲಿ ಅದು ಹೆಪ್ಪುಗಟ್ಟಿ ನಿಲ್ಲುವುದೂ ನಮಗೆ ಎಷ್ಟು ಸಹಜವೆಂದರೆ, ಅದರ ಹಿಂದಿರುವ ಏರ್ಪಾಟನ್ನು ನಾವು ನೆನೆಯುವುದೇ ಇಲ್ಲ. ರಕ್ತದಲ್ಲಿರುವ ಹಲವು ಪ್ರೋಟೀನುಗಳು ಒಂದನ್ನೊಂದು ಎಚ್ಚರಿಸುತ್ತ ಸರಪಳಿಯಂತೆ ಸಾಗಿದಾಗ ಹೆಪ್ಪು ಮೂಡುತ್ತದೆ. ಅದರಲ್ಲಿ ಮುಖ್ಯವಾದ ಒಂದು ಕೊಂಡಿ ಹುಟ್ಟಿನಿಂದಲೇ ಇಲ್ಲದಿದ್ದರೆ, ಅಥವಾ ತೀರ ಕಡಿಮೆಯಿದ್ದರೆ, ಅದೇ ಹಿಮೋಫಿಲಿಯಾ, ಕನ್ನಡದಲ್ಲಿ ಕುಸುಮರೋಗ. ಹೊರಗೆ ಕಾಣುವ ಗಾಯಕ್ಕಿಂತ ಒಳಗೆ, ಮೊಣಕಾಲು ಮೊಣಕೈಗಳ ಕೀಲುಗಳಲ್ಲಿ ಒಸರುವ ರಕ್ತವೇ ಹೆಚ್ಚು ಕ್ರೂರವಾದುದು. ಅದು ಕೀಲನ್ನು ವರ್ಷದಿಂದ ವರ್ಷಕ್ಕೆ ಸವೆಸಿ, ಬಾಲಕನನ್ನು ಕುಂಟನನ್ನಾಗಿಸುತ್ತದೆ.

ಸಾಮಾನ್ಯವಾಗಿ ತಾಯಿ ಇದನ್ನು ಹೊತ್ತಿರುತ್ತಾಳೆ, ಮಗ ಅನುಭವಿಸುತ್ತಾನೆ. 1803ರಲ್ಲಿ ಫಿಲಡೆಲ್ಫಿಯದ ವೈದ್ಯ ಜಾನ್ ಕಾನ್ರಾಡ್ ಆಟೊ ಈ ವಂಶಕ್ರಮವನ್ನು ಗುರುತಿಸಿ ಬರೆದಿಟ್ಟರು. ಆದರೆ ಗುರುತಿಸುವುದು ಬೇರೆ, ಗುಣಪಡಿಸುವುದು ಬೇರೆ. ವಿಕ್ಟೋರಿಯಾ ರಾಣಿಯ ಮಗ ಲಿಯೊಪೋಲ್ಡ್ 1884ರಲ್ಲಿ ಬಿದ್ದು ಪೆಟ್ಟಾಗಿ ತೀರಿಕೊಂಡ. ಅದೇ ರಾಣಿಯ ಮೊಮ್ಮಗಳ ಮಗ, ರಷ್ಯದ ಯುವರಾಜ ಅಲೆಕ್ಸಿ ನೋವಿನಿಂದ ನರಳುತ್ತಿದ್ದಾಗ ಅರಮನೆಯ ವೈದ್ಯರು ಕೈಚೆಲ್ಲಿ ಕುಳಿತಿದ್ದರು.

ಇವೆಲ್ಲವೂ ಒಂದೇ ರೋಗವೆಂದು ಬಹುಕಾಲ ನಂಬಲಾಗಿತ್ತು. ಆ ನಂಬಿಕೆ ಅಲುಗಿದ್ದು 1947ರಲ್ಲಿ. ಬ್ಯೂನಸ್ ಐರಿಸ್ ನಗರದ ಪಾವ್‌ಲೋವ್‌ಸ್ಕಿ ಎಂಬ ವೈದ್ಯರು ಒಬ್ಬ ರೋಗಿಯ ರಕ್ತಕ್ಕೆ ಇನ್ನೊಬ್ಬ ರೋಗಿಯ ರಕ್ತವನ್ನು ಬೆರೆಸಿದಾಗ ಹೆಪ್ಪುಗಟ್ಟುವಿಕೆ ಸರಿಹೋದದ್ದನ್ನು ಕಂಡರು. ಒಬ್ಬನ ಮನೆಯಲ್ಲಿ ಅಕ್ಕಿಯಿಲ್ಲ, ಇನ್ನೊಬ್ಬನ ಮನೆಯಲ್ಲಿ ಬೇಳೆಯಿಲ್ಲ. ಇಬ್ಬರೂ ಕೂಡಿದರೆ ಊಟವಾಗುತ್ತದೆ. ಇಬ್ಬರಲ್ಲೂ ಅಕ್ಕಿಯೇ ಇಲ್ಲವಾದರೆ ಕೂಡಿ ಫಲವೇನು? ಹಾಗಾದರೆ ಈ ರೋಗಿಗಳ ಕೊರತೆ ಒಂದೇ ಬಗೆಯದಾಗಿರಲಾರದು.

1952ರಲ್ಲಿ ಟೊರಾಂಟೋ ನಗರದಿಂದ ಒಂದು ಕುಟುಂಬ ನೆಂಟರನ್ನು ಕಾಣಲು ಲಂಡನ್ನಿಗೆ ಬಂದಿತ್ತು. ಅವರ ಐದು ವರ್ಷದ ಮಗ ಸ್ಟೀಫನ್‌ಗೆ ಕುಸುಮರೋಗವಿತ್ತು. ಅಲ್ಲಿ ಅವನನ್ನು ಆಸ್ಪತ್ರೆಗೆ ಸೇರಿಸಬೇಕಾಯಿತು. ಅವನ ರಕ್ತವನ್ನು ಆಕ್ಸ್‌ಫರ್ಡಿನಲ್ಲಿ ರೋಸ್‌ಮರಿ ಬಿಗ್ಸ್, ಮ್ಯಾಕ್‌ಫರ್ಲೇನ್ ಮತ್ತವರ ಸಂಗಡಿಗರು ಪರೀಕ್ಷಿಸಿದರು. ಎಲ್ಲರೂ ಅರಿತಿದ್ದ ಅಂಶ ಅವನಲ್ಲಿ ಇತ್ತು. ಬೇರೊಂದು ಅಂಶ ಇರಲಿಲ್ಲ. ಹುಡುಗನ ಕುಲನಾಮ ಕ್ರಿಸ್‌ಮಸ್. ಆ ಅಂಶಕ್ಕೂ ರೋಗಕ್ಕೂ ಅದೇ ಹೆಸರು ನಿಂತಿತು. ಲೇಖನ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಪ್ರಕಟವಾದದ್ದು 1952ರ ಡಿಸೆಂಬರ್ 27ರಂದು, ಹಬ್ಬವಾದ ಎರಡೇ ದಿನಕ್ಕೆ. ಮುಂದೆ ಆ ಅಂಶ ಒಂಬತ್ತನೆಯ ಅಂಶವೆಂದು ಎಣಿಕೆಗೆ ಬಂದಿತು.

ಹೆಸರೇನೋ ದೊರೆಯಿತು, ಬದುಕು ದೊರೆಯಬೇಕಾಗಿತ್ತು. ಅದು ದೊರೆತದ್ದು ಪರರ ರಕ್ತದಿಂದ. ಮೊದಲು ದಾನಿಗಳ ರಕ್ತ ಮತ್ತು ಅದರ ದ್ರವಭಾಗವಾದ ಪ್ಲಾಸ್ಮಾ. ಮುಂದೆ, ಪ್ಲಾಸ್ಮಾದಿಂದ ಬೇಕಾದ ಅಂಶವನ್ನಷ್ಟೇ ಬೇರ್ಪಡಿಸಿ ಒಣಗಿಸಿದ ಪುಡಿ. 1970ರ ದಶಕದಲ್ಲಿ ಈ ಪುಡಿಯನ್ನು ಮನೆಯಲ್ಲಿಯೇ ಇಟ್ಟುಕೊಂಡು, ತಾವೇ ಚುಚ್ಚಿಕೊಂಡು, ರೋಗಿಗಳು ಶಾಲೆಗೂ ಕೆಲಸಕ್ಕೂ ಹೋಗತೊಡಗಿದರು. ಆಸ್ಪತ್ರೆಯ ಹಾಸಿಗೆಗೆ ಕಟ್ಟುಬಿದ್ದಿದ್ದ ಒಂದು ಪೀಳಿಗೆಗೆ ಇದು ಬಿಡುಗಡೆಯೇ ಆಗಿತ್ತು. ಆದರೆ ಪುಡಿಯ ಒಂದೊಂದು ತಯಾರಿಕೆಗೂ ಸಾವಿರಾರು ದಾನಿಗಳ ಪ್ಲಾಸ್ಮಾವನ್ನು ಒಂದೇ ಕಡೆ ಸುರಿಯುತ್ತಿದ್ದರು. ಸಾವಿರ ಜನರಲ್ಲಿ ಒಬ್ಬನ ರಕ್ತ ಕೆಟ್ಟಿದ್ದರೂ ಇಡೀ ಕೊಡ ಕೆಟ್ಟಂತೆಯೇ.

ಹಾಗೆಯೇ ಆಯಿತು. 1980ರ ದಶಕದ ಮೊದಲಲ್ಲಿ ಏಡ್ಸ್ ರೋಗದ ವೈರಾಣು ಈ ದಾರಿಯಿಂದ ಸಾವಿರಾರು ರೋಗಿಗಳ ಮೈಸೇರಿತು. ದಾನಿಗಳ ರಕ್ತವನ್ನು ಪರೀಕ್ಷಿಸುವ ವಿಧಾನ 1985ರಲ್ಲಿ ಬಳಕೆಗೆ ಬರುವ ಹೊತ್ತಿಗೆ ಬಹು ಮಂದಿಗೆ ಕಾಲ ಮಿಂಚಿತ್ತು. ಆ ನತದೃಷ್ಟರಲ್ಲಿ ಸ್ಟೀಫನ್ ಕ್ರಿಸ್‌ಮಸ್ ಕೂಡ ಒಬ್ಬ. ಆತ ಛಾಯಾಗ್ರಹಣ ಕಲಿತವನು. ಟೊರಾಂಟೋದಲ್ಲಿ ಬಾಡಿಗೆ ಕಾರನ್ನೂ ಓಡಿಸಿದವನು. ತನಗೆ ಸೋಂಕು ತಗುಲಿದ ಮೇಲೆ, ಇತರರಿಗೆ ತಗುಲದಿರಲೆಂದು ಸುರಕ್ಷಿತ ರಕ್ತಕ್ಕಾಗಿ ಕೆನಡದ ಹಿಮೋಫಿಲಿಯಾ ಸಂಸ್ಥೆಯೊಡನೆ ದುಡಿದ. 1993ರ ಡಿಸೆಂಬರ್ 20ರಂದು, ತನ್ನ ಹೆಸರಿನ ಹಬ್ಬಕ್ಕೆ ಐದು ದಿನವಿರುವಾಗ, ತನ್ನ 46ನೆಯ ವಯಸ್ಸಿನಲ್ಲಿ ಕಣ್ಮುಚ್ಚಿದ. ಈ ದುರಂತದ ಬಗ್ಗೆ ಕೆನಡದ ನ್ಯಾಯಮೂರ್ತಿ ಕ್ರೀವರ್ ಅವರ ಆಯೋಗ ವರದಿ ಕೊಟ್ಟದ್ದು 1997ರಲ್ಲಿ. ಬ್ರಿಟನ್ನಿನ ವಿಚಾರಣೆಯ ವರದಿ ಬಂದದ್ದು 2024ರಲ್ಲಿ!

ಕಥೆ ಇಲ್ಲಿಗೇ ನಿಲ್ಲಲಿಲ್ಲ. ಒಂಬತ್ತನೆಯ ಅಂಶವನ್ನು ನಿರ್ಮಿಸುವ ವಂಶವಾಹಿಯನ್ನು 1982ರಲ್ಲಿ ಬೇರ್ಪಡಿಸಿದವರಲ್ಲಿ ಅದೇ ಆಕ್ಸ್‌ಫರ್ಡಿನ ವಿಜ್ಞಾನಿಗಳೂ ಇದ್ದರು. 1997ರ ವೇಳೆಗೆ, ಮನುಷ್ಯರ ರಕ್ತವನ್ನು ಮುಟ್ಟದೆ ತಯಾರಿಸಿದ ಔಷಧವೇ ಬಳಕೆಗೆ ಬಂದಿತು. 2022ರಲ್ಲಿ, ಒಂದೇ ಸಲ ನೀಡುವ ವಂಶವಾಹಿ ಚಿಕಿತ್ಸೆಗೆ ಅಮೆರಿಕದಲ್ಲಿ ಅನುಮತಿ ದೊರೆಯಿತು. ಅದಕ್ಕೆ ಕಟ್ಟಿದ ಬೆಲೆ 35 ಲಕ್ಷ ಡಾಲರ್. ಒಂದು ಕಾಲದಲ್ಲಿ ಅರಮನೆಗೂ ಸಿಗದಿದ್ದ ಮದ್ದು ಇಂದು ಇದೆ. ಆದರೆ ಅದು ಗುಡಿಸಲಿನವರೆಗೆ ಬಂದೀತೇ ಎಂಬುದು ವಿಜ್ಞಾನ ಒಂದೇ ಉತ್ತರಿಸಬಲ್ಲ ಪ್ರಶ್ನೆಯಲ್ಲ.

ಕೊನೆಯದಾಗಿ ಒಂದು ಮಾತು. ರಷ್ಯದ ರಾಜಕುಟುಂಬದ ಅಸ್ಥಿಗಳನ್ನು ಪರೀಕ್ಷಿಸಿದ ವಿಜ್ಞಾನಿಗಳು 2009ರಲ್ಲಿ, ಅಲೆಕ್ಸಿಗೆ ಇದ್ದದ್ದು ಒಂಬತ್ತನೆಯ ಅಂಶದ ಕೊರತೆಯೇ ಎಂದು ತಿಳಿಸಿದರು. ಎಂದರೆ, ಸಿಂಹಾಸನವೇರಬೇಕಾಗಿದ್ದ ಯುವರಾಜನ ರೋಗ ಇಂದು ಗುರುತಾಗಿರುವುದು ಬಾಡಿಗೆ ಕಾರು ಓಡಿಸಿದವನೊಬ್ಬನ ಹೆಸರಿನಿಂದ. ವೈದ್ಯಶಾಸ್ತ್ರದ ಚರಿತ್ರೆಯನ್ನು ಬರೆಯುವಾಗ ನಾವು ವೈದ್ಯರ ಹೆಸರನ್ನು ಮರೆಯುವುದಿಲ್ಲ, ಮರೆಯಲೂಬಾರದು. ಆದರೆ ತನ್ನ ರಕ್ತವನ್ನಿತ್ತು ಕಲಿಸಿದವನನ್ನೂ, ಕಲಿತವರ ಎಚ್ಚರ ತಪ್ಪಿದಾಗ ಅದರ ಬೆಲೆ ತೆತ್ತವನನ್ನೂ ಅವರೊಡನೆ ನೆನೆಯುವುದು ನ್ಯಾಯವಲ್ಲವೇ?